ಹೂಂ ಅನ್ನದ ಫೋನು

ಆಕೆಯ ಮುಖ ನೋಡುವುದಕ್ಕಿಂತ ಮೊದಲು ನಾನು ಆಕೆಯ ದನಿ ಕೇಳಿದ್ದೆ. ಕೇಳಿ, ಮೂರು ಸಲ ಅಳಿಸಿ ಹಾಕಿದ್ದೆ. ಹೋದ ತಿಂಗಳು ಬ್ಯಾಡಗಿಯಲ್ಲಿ ಆಕೆಯ ಮಣ್ಣಿಗೆ ಹೋಗಿ ರೈಲಿನಲ್ಲಿ ರಾಣೆಬೆನ್ನೂರಿಗೆ ವಾಪಸು ಬರುವಾಗ ಎಲ್ಲಕ್ಕಿಂತ ಮೊದಲು ನೆನಪಾದದ್ದು ಇದೇ. ನೆನಪಾಗಿ ನಾಚಿಕೆಯಾಯಿತು, ನಗೆಯೂ ಬಂತು.

ನಾನು ಆಗ ರಾಣೆಬೆನ್ನೂರಿನ ಬಸ್ ನಿಲ್ದಾಣದ ಹತ್ತಿರ, ಬೀಜದ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಕೆಲಸಕ್ಕಿದ್ದೆ. ಏನು ಕೆಲಸ ಎಂದು ನನ್ನ ಅವ್ವನಿಗೆ ಎಷ್ಟು ಹೇಳಿದರೂ ತಿಳಿಯಲಿಲ್ಲ. ಕೇಳಿದವರಿಗೆಲ್ಲ “ಫೋನ್ ಆಫೀಸು” ಎಂದು ಹೇಳಿ ಮುಗಿಸುತ್ತಿದ್ದಳು. ನಮ್ಮದೊಂದು ನಂಬರು ಇತ್ತು. ಯಾರು ಬೇಕಾದರೂ ಅದಕ್ಕೆ ಮಿಸ್ಡ್ ಕಾಲ್ ಕೊಡಬಹುದು. ಕಂಪ್ಯೂಟರು ತಾನೇ ತಿರುಗಿ ಕರೆ ಮಾಡುತ್ತದೆ. ಒಂದು ಒತ್ತಿದರೆ ನಿಮ್ಮ ಮಾತು ಹೇಳಬಹುದು, ಎರಡು ಒತ್ತಿದರೆ ಬೇರೆಯವರು ಹೇಳಿದ್ದನ್ನು ಕೇಳಬಹುದು, ಕೇಳಿ ಅದಕ್ಕೆ ಉತ್ತರವನ್ನೂ ಹೇಳಬಹುದು. ಕುಂಯ್ ಎಂದು ಸದ್ದಾದ ಮೇಲೆ ಮೂರು ನಿಮಿಷ ನಿಮ್ಮದು. ಹಾಗೆ ಬಂದದ್ದನ್ನೆಲ್ಲ ಕೇಳಿ, ಸ್ವಚ್ಛ ಮಾಡಿ, ಒಂದು ಹೆಸರಿಟ್ಟು ಇಂಟರ್ನೆಟ್ಟಿಗೆ ಏರಿಸುವವಳು ನಾನು; ಒಂದು ಒತ್ತಿರಿ, ಎರಡು ಒತ್ತಿರಿ ಎಂದು ಹೇಳುವ ಮಷೀನಿನ ದನಿಯೂ ನನ್ನದೇ. ದೊಡ್ಡ ಫೋನು ಬೇಡ, ಡೇಟಾ ಬೇಡ, ಓದು ಬರಹವೂ ಬೇಡ. ಹಳ್ಳಿಯವರು ಇದಕ್ಕೆ ‘ಕುಂಯ್ ಫೋನು’ ಎಂದು ಹೆಸರಿಟ್ಟರು. ನಮ್ಮ ಸಂಸ್ಥೆಯವರು ಇಟ್ಟಿದ್ದ ಚಂದದ ಹೆಸರನ್ನು ಯಾರೂ ಕೇಳಲಿಲ್ಲ.

ಅದಕ್ಕೂ ಮೊದಲು ನಾನು ಹಾವೇರಿಯ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದೆ. ಹೆಚ್ಚಾದದ್ದನ್ನು ಕಂಡಲ್ಲಿ ಹೊಡೆದು ಹಾಕುವುದು ನನಗೆ ಹತ್ತಿದ ಚಟ. ಇಲ್ಲಿ ಆ ಚಟಕ್ಕೆ ಬೇಕಾದಷ್ಟು ಕೆಲಸ ಸಿಕ್ಕಿತು. ಮೆಕ್ಕೆಜೋಳದ ಹುಳದ ಬಗ್ಗೆ ದೂರು, ಕಳೆದುಹೋದ ಎಮ್ಮೆಯ ಗುರುತು, ಭಜನೆ, ತವರಿಗೆ ಒಂದು ಸಂದೇಶ, ಇವುಗಳ ನಡುವೆ ಅರ್ಧಕ್ಕರ್ಧ ಬರೀ ಸದ್ದು. ಜೇಬಿನಲ್ಲಿ ಒತ್ತಿಹೋದ ಫೋನು, ಬಸ್ಸಿನ ಗುರುಗುರು, “ಹಲೋ, ಹಲೋ” ಎಂದು ಕೂಗಿ ಇಟ್ಟವರು. ಇವನ್ನು ನಾವು ‘ಖಾಲಿ ಕರೆ’ ಅನ್ನುತ್ತಿದ್ದೆವು. ಖಾಲಿ ಕರೆಯನ್ನು ಕೆಲವು ಸೆಕೆಂಡು ಕೇಳಿ ಅಳಿಸಬೇಕು. ನಾನು ಅದರಲ್ಲಿ ಭಾರಿ ಚುರುಕು.

ಆಕೆಯದೂ ಖಾಲಿ ಕರೆಗಳ ಸಾಲಿಗೇ ಸೇರಿತ್ತು. “ಒಂದೂರಾಗ ಒಬ್ಬಾಕಿ ಸೊಸಿ ಇದ್ಲಂತ,” ಎಂದು ಗಟ್ಟಿ ದನಿ. ಆಮೇಲೆ ಮೌನ. “ಇದ್ಲಂತ,” ಎಂದು ಇನ್ನೊಮ್ಮೆ. ಮತ್ತೆ ಮೌನ. “ಹೂಂ ಅನ್ರಿ... ಯಾರರ ಅದೀರಿಲ್ಲೊ ಆ ಕಡಿ?” ಅಷ್ಟೇ, ಕರೆ ಕಟ್. ನಾನು ಅಳಿಸಿದೆ. ಮರುದಿನ ಇದೇ. ಅದರ ಮರುದಿನವೂ ಇದೇ, ಆದರೆ ಕೊನೆಯಲ್ಲಿ ಸ್ವಲ್ಪ ಸಿಟ್ಟು ಸೇರಿತ್ತು. ನಾಲ್ಕನೆಯ ದಿನ ನಾನೇ ಫೋನು ಮಾಡಿದೆ.

“ಅಕ್ಕಾರ, ನೀವು ಕಥಿ ಅರ್ಧಕ್ಕ ಬಿಡಾಕತ್ತೀರಿ. ಕುಂಯ್ ಅಂದಮ್ಯಾಲ ಸುಮ್ಮನ ಹೇಳ್ಕೋಂತ ಹೋಗ್ರಿ.”

“ಆ ಕಡಿ ಯಾರೂ ಹೂಂ ಅನ್ನಲಿಲ್ಲಲ್ಲ?”

“ಅಲ್ಲಿ ಮನಷ್ಯಾರು ಇರೂದಿಲ್ರಿ. ಮಷೀನು.”

“ಮತ್ತ ಕಥಿ ಯಾರಿಗೆ ಹೇಳ್ಲಿ?”

“ಆಮ್ಯಾಲ ಎಲ್ಲಾರೂ ಕೇಳ್ತಾರ್ರಿ. ಇಡೀ ಜಗತ್ತು ಕೇಳತೈತಿ.”

“ಆಮ್ಯಾಲ ಕೇಳಾವ್ರು ಆಮ್ಯಾಲ ಆತು. ಈಗ ಹೂಂ ಅನ್ನಾವ್ರು ಯಾರು?”

ನಮ್ಮ ಕಡೆ ಕತೆ ಹೇಳುವುದೆಂದರೆ ಹಾಗೆಯೇ. ಹೇಳುವವರು ಒಂದು ಮಾತು ಹೇಳಿ ನಿಲ್ಲುತ್ತಾರೆ, ಕೇಳುವವರು ಹೂಂ ಅನ್ನುತ್ತಾರೆ, ಕತೆ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಹೂಂ ನಿಂತಿತೆಂದರೆ ಕೇಳುವವರಿಗೆ ನಿದ್ದೆ ಬಂತು ಎಂದರ್ಥ. ಹೇಳುವವರೂ ಅಲ್ಲಿಗೆ ನಿಲ್ಲಿಸಿ ಮಲಗುತ್ತಾರೆ. ನನ್ನ ಅಜ್ಜಿಗೆ ನಾನೂ ಹೀಗೆಯೇ ಹೂಂ ಅಂದವಳು. ಆದರೆ ಫೋನಿಗೂ ಅದು ಬೇಕು ಎಂದು ನಮ್ಮ ಕಂಪ್ಯೂಟರು ಮಾಡಿದವರಿಗೆ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ.

ಹೆಸರು ಕೇಳಿದೆ. “ಹೆಸರ್ಯಾಕ? ದನಿ ಗುರ್ತಾತಂದ್ರ ಸಾಕು,” ಅಂದಳು. ಹಾಗಾಗಿ ನಮ್ಮ ಪುಸ್ತಕದಲ್ಲಿ ‘ಬ್ಯಾಡಗಿ ಅಕ್ಕ’ ಎಂದು ಬರೆದುಕೊಂಡೆ. ಈಗಲೂ ಆ ಹೆಸರೇ ಇರಲಿ. ನಾನು ‘ಅಕ್ಕಾರ’ ಅನ್ನುವುದೂ ಆಕೆಗೆ ಸೇರಲಿಲ್ಲ. “ಅಕ್ಕ ಅಂದಮ್ಯಾಲ ಮತ್ಯಾಕ ‘ರಿ’ ಹಚ್ಚತಿ? ಸುಮ್ಮನ ಅಕ್ಕ ಅನ್ನು,” ಎಂದಳು. ಅವತ್ತಿನಿಂದ ನಾನು ‘ತಂಗಿ’ಯಾದೆ.

ಅಕ್ಕ ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಮುರಿಯುವ ಕೆಲಸ ಮಾಡುತ್ತಿದ್ದಳು. ತೊಟ್ಟಿಗೆ ಅಲ್ಲಿ ತುಂಬು ಅನ್ನುತ್ತಾರೆ. ಮಾರುಕಟ್ಟೆಯ ಹಿಂದಿನ ಒಂದು ಗೋದಾಮಿನಲ್ಲಿ ಇಪ್ಪತ್ತು ಹೆಂಗಸರು ಸಾಲಾಗಿ ಕೂತು ದಿನವೆಲ್ಲ ತುಂಬು ಬಿಡಿಸುತ್ತಾರೆ. ಅಲ್ಲಿಂದಲೇ ಫೋನು ಮಾಡು, ಅವರೇ ಹೂಂ ಅನ್ನಲಿ ಎಂದು ಉಪಾಯ ಹೇಳಿದೆ. ಮರುದಿನವೇ ಕತೆ ಬಂತು. ಇಪ್ಪತ್ತು ಬಾಯಿಯ ಹೂಂ, ಅದರ ಜೊತೆಗೆ ಇಪ್ಪತ್ತು ಮೂಗಿನ ಸೀನು. ನಾನು ಒಂದು ಮಧ್ಯಾಹ್ನವಿಡೀ ಕೂತು ಸೀನನ್ನೂ ಹೂಂಗಳನ್ನೂ ಒಂದೊಂದಾಗಿ ಕತ್ತರಿಸಿ, ಕತೆಯನ್ನು ಶುದ್ಧ ಮಾಡಿ ಏರಿಸಿದೆ. ಮೆಚ್ಚಿಕೊಳ್ಳುತ್ತಾಳೆ ಎಂದು ಕಾದಿದ್ದೆ. ಸಂಜೆ ಫೋನು ಬಂತು.

“ಏ ತಂಗಿ, ಅಷ್ಟು ಮಂದೀನ ಎಲ್ಲೆ ಕಳಿಸಿದಿ?”

“ಯಾರನ್ನಕ್ಕ?”

“ನನ್ನ ಮುಂದ ಕುಂತಾವ್ರನ್ನ. ನಾ ಹುಚ್ಚಿಗತೆ ಒಬ್ಬಾಕಿನ ಮಾತಾಡಾಕತ್ತೇನಿ ಅದರಾಗ.”

ಮತ್ತೆ ಕೇಳಿದೆ. ಖರೆ ಹೇಳಬೇಕೆಂದರೆ, ಹಾಗೆಯೇ ಇತ್ತು. ಮೊದಲಿದ್ದಂತೆ ಎಲ್ಲವನ್ನೂ ಸೇರಿಸಿ ಏರಿಸಿದೆ. ಅದು ‘ಸೀನಿನ ಕಥಿ’ ಎಂದು ಸುತ್ತಲ ಹಳ್ಳಿಗಳಲ್ಲಿ ಹೆಸರಾಯಿತು. ನಮ್ಮಲ್ಲಿ ಅಷ್ಟು ಜನ ಕೇಳಿದ್ದು ಬೇರೆ ಯಾವುದೂ ಇರಲಿಲ್ಲ.

ಆಮೇಲೆ ಒಂದು ದಿನ ಬ್ಯಾಡಗಿಗೆ ಹೋಗಿ ನೋಡಿದೆ. ದನಿ ಕೇಳಿ ನಾನು ಎತ್ತರದ, ದಪ್ಪ ಹೆಂಗಸನ್ನು ಕಲ್ಪಿಸಿಕೊಂಡಿದ್ದೆ. ಇದ್ದದ್ದು ಒಂದು ಹಿಡಿ ಆಳು. ಸೆರಗನ್ನು ಮೂಗಿಗೆ ಕಟ್ಟಿಕೊಂಡು, ಆಗಾಗ ಕೆಮ್ಮುತ್ತ, ಕೆಂಪು ರಾಶಿಯ ಮುಂದೆ ಕೂತಿದ್ದಳು. ಕೈಗೆ ಕಾಯಿ ಹತ್ತಿರುತ್ತದಲ್ಲ, ಅದಕ್ಕೆ ಕಣ್ಣು ಒರೆಸಿಕೊಳ್ಳಬೇಕೆಂದರೆ ತೋಳನ್ನು ಎತ್ತಿ ಭುಜದಿಂದ ಒರೆಸಿಕೊಳ್ಳುವಳು. ಮನೆಯಲ್ಲಿ ಕೈ ತೊಳೆದುಕೊಂಡು ಕೂತಾಗಲೂ ಹಾಗೆಯೇ. ಫೋನನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಪಕ್ಕದವಳ ಮಡಿಲಲ್ಲಿಟ್ಟು ಅದರ ಕಡೆ ಬಾಗಿ ಹೇಳುವಳು. ಪ್ರತಿ ಮಾತಿನ ಕೊನೆಗೆ ಒಂದು ತುಂಬು ಚಟ್ ಎಂದು ಮುರಿಯುವಳು. ಚಟ್, ಹೂಂ. ಚಟ್, ಹೂಂ. ಆ ಸದ್ದನ್ನು ಧ್ವನಿಮುದ್ರಣದಲ್ಲಿ ಕೇಳಿ ನಾನು ಫೋನಿನ ದೋಷ ಎಂದುಕೊಂಡಿದ್ದೆ.

“ಖಾರದಾಗ ಕುಂತು ಹೆಂಗ ಕಥಿ ಹೇಳ್ತಿ ಅಕ್ಕ?” ಎಂದು ಕೇಳಿದೆ.

“ಇಲ್ಲೆ ಯಾರಿಗೂ ನಿದ್ದಿ ಬರೂದಿಲ್ಲ ನೋಡು, ಅದಕ್ಕ,” ಅಂದಳು. ಸಾಲಿಗೆ ಸಾಲೇ ನಕ್ಕಿತು. ಆಮೇಲೆ, “ನಮ್ಮ ಕಾಯಿ ಬಣ್ಣಕ್ಕ ಹೆಸರು, ಖಾರಕ್ಕಲ್ಲ. ಆದ್ರ ಅದು ಮೂಗಿಗೆ ತಿಳಿಯೂದಿಲ್ಲ,” ಎಂದು ಸೇರಿಸಿದಳು.

ನನಗೆ ಆಕೆಯ ಮೇಲೆ ಪ್ರೀತಿ ಬಂದದ್ದು ಅವತ್ತೇ. ಮೊದಲು ಹೇಳಲು ಹೋಗಿ ಮೂರು ಸಲ ನಿಂತಿದ್ದ ಆ ಸೊಸೆಯ ಕತೆ ಏನಾಯಿತು ಎಂದು ಕೇಳಿದ್ದೂ ಅವತ್ತೇ. ಅಕ್ಕ ಕೈಯಲ್ಲಿದ್ದ ಕಾಯಿಯನ್ನು ಸುಮ್ಮನೆ ತಿರುಗಿಸುತ್ತ ಕೂತಳು. ಚಹಾಕ್ಕೆ ಎದ್ದಾಗ ಹೊರಗೆ ಕರೆದುಕೊಂಡು ಹೋಗಿ ಹೇಳಿದಳು.

ಆಕೆಗೆ ಒಬ್ಬಳು ಅಕ್ಕ, ಕುಪ್ಪೇಲೂರಿನಲ್ಲಿ. ಅವರ ಅವ್ವ ಕೊನೆಗಾಲದಲ್ಲಿ ಆ ದೊಡ್ಡ ಮಗಳ ಮನೆಯಲ್ಲಿದ್ದಳು. ಅವ್ವನಿಗೆ ಹೆಚ್ಚಾಗಿದೆ ಎಂಬ ಸುದ್ದಿಯನ್ನು ದೊಡ್ಡಾಕೆ ಬ್ಯಾಡಗಿಗೆ ಕಾಯಿ ಹೇರಿಕೊಂಡು ಹೊರಟಿದ್ದ ಒಬ್ಬರ ಕೈಲಿ ಹೇಳಿ ಕಳಿಸಿದಳು. ಆ ಮನುಷ್ಯ ಮಾರುಕಟ್ಟೆಯ ಗದ್ದಲದಲ್ಲಿ ಮರೆತು, ಎರಡು ದಿನ ಬಿಟ್ಟು ಹೇಳಿದ. ಸಣ್ಣಾಕೆ ಹೋಗಿ ಮುಟ್ಟುವಷ್ಟರಲ್ಲಿ ಮಣ್ಣು ಆಗಿಹೋಗಿತ್ತು. ಬೇಕಂತಲೇ ತಡ ಮಾಡಿ ಹೇಳಿದಿ ಎಂದು ಈಕೆ, ಸುದ್ದಿ ಮುಟ್ಟಿದರೂ ತುಂಬು ಬಿಟ್ಟು ಏಳಲಿಲ್ಲ ಎಂದು ಆಕೆ. ಅವತ್ತಿನಿಂದ ಮಾತು ಬಿಟ್ಟು ಹದಿನಾರು ವರ್ಷ.

“ಆ ಕಥಿ ನಮ್ಮವ್ವಂದು,” ಎಂದಳು ಅಕ್ಕ. “ಅದರ ಕಡೀದು ನಂಗ ಗೊತ್ತಿಲ್ಲ. ಅವ್ವ ಹೇಳ್ಕೋಂತ ಹೋಗಾಕಿ, ನಮ್ಮಕ್ಕ ಹೂಂ ಅನ್ನಾಕಿ, ನಾ ಸಣ್ಣಾಕಿ, ನಡುವ ಮಲಗಿಬಿಡ್ತಿದ್ನಿ. ಕಡೀತನಕ ಎಚ್ಚರ ಇರ್ತಿದ್ದಾಕಿ ಆಕಿ ಒಬ್ಬಾಕಿ. ನಾ ಹೋಗಿ ಮಾತಾಡ್ಸೂದಿಲ್ಲ, ಆಕೀನೂ ಬರೂದಿಲ್ಲ. ನಾ ಗೊತ್ತಿದ್ದಟ ಹೇಳಿ ಫೋನಿನ್ಯಾಗ ಬಿಡ್ತೇನಿ. ಈ ಕಥಿ ನೆವದಾಗರ ಆಕಿ ಒಂದು ಮಾತು ಆಡ್ಲಿ. ಆಡಿದ್ರ ಸಾಕು ನಂಗ.”

ಕತೆ ಹೀಗಿತ್ತು. ಸೊಸೆಯ ಕೈಯಲ್ಲಿ ಒಲೆ ಆರಿಹೋಗುತ್ತದೆ. ಅತ್ತೆ ಸಿಟ್ಟಾಗಿ, ತವರಿಗೆ ಹೋಗಿ ಕೆಂಡ ತಾ, ಆರಿದ ಕೆಂಡ ತಂದರೆ ಒಳಗೆ ಕಾಲಿಡಬೇಡ ಎಂದು ಕಳಿಸುತ್ತಾಳೆ. ಅವಳು ಒಂದು ಬೋಕಿಯಲ್ಲಿ, ಅಂದರೆ ಒಡೆದ ಮಡಕೆಯ ಚೂರಿನಲ್ಲಿ, ಏಳು ಕೆಂಡ ಇಟ್ಟು, ಬೂದಿ ಮುಚ್ಚಿಕೊಂಡು ಹೊರಡುತ್ತಾಳೆ. ದಾರಿಯಲ್ಲಿ ಚಳಿಗೆ ನಡುಗುವ ಮುದುಕಿ, ಬಾಣಂತಿ, ಕುರಿ ಕಾಯುವವನು, ಹೀಗೆ ಆರು ಜನ ಕೇಳುತ್ತಾರೆ; ಆರು ಜನಕ್ಕೂ ಒಂದೊಂದು ಕೊಡುತ್ತಾಳೆ. ಬಾಗಿಲಿಗೆ ಬರುವಾಗ ಉಳಿದದ್ದು ಒಂದು. “ಬೂದಿ ಸರಿಸು, ನೋಡೋಣು,” ಅನ್ನುತ್ತಾಳೆ ಅತ್ತೆ. ಫೋನಿನಲ್ಲೂ ಅಕ್ಕ ಅಲ್ಲಿಗೇ ನಿಲ್ಲಿಸಿದಳು. “ಮುಂದಿಂದು ಗೊತ್ತಿದ್ದಾಕಿ ಅದಾಳ. ಆಕಿ ಹೇಳ್ಲಿ,” ಎಂದು ಫೋನು ಕಟ್ಟಾದ ಮೇಲೆ ನನಗಷ್ಟೇ ಹೇಳಿದಳು. ನಾನು ಅದನ್ನು ಹಾಗೆಯೇ ಏರಿಸಿದೆ.

ಆಮೇಲೆ ದಿನಾ ಮಧ್ಯಾಹ್ನ ಚಹಾದ ಹೊತ್ತಿಗೆ ಫೋನು. “ಬಂತೇನ ತಂಗಿ?” “ಇನ್ನೂ ಇಲ್ಲಕ್ಕ.” “ಇರ್ಲಿ ಬಿಡು.” ಎರಡು ತಿಂಗಳು ಇಷ್ಟೇ ಮಾತು. ಆ ‘ಇರ್ಲಿ ಬಿಡು’ ದಿನದಿಂದ ದಿನಕ್ಕೆ ಸಣ್ಣದಾಗುತ್ತ ಹೋಯಿತು. ನನಗೂ ಆ ಹೊತ್ತಿಗೆ ಫೋನು ಎತ್ತುವುದೆಂದರೆ ಬೇಸರವಾಗುತ್ತಿತ್ತು. ಆ ದೊಡ್ಡಾಕೆಯ ಮೇಲೆ, ನೋಡಿಯೇ ಇಲ್ಲದವಳ ಮೇಲೆ, ಸಿಟ್ಟು ಬಂದಿತ್ತು. ಎಂಥ ಕಲ್ಲಿನಂಥ ಹೆಂಗಸು ಎಂದು ಬೈದುಕೊಂಡೂ ಇದ್ದೆ.

ಮುಂದೆ ಒಂದು ದಿನ ಅಕ್ಕ ಕಣ್ಣು ತೋರಿಸಲು ರಾಣೆಬೆನ್ನೂರಿಗೆ ಬಂದಳು. ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ನಮ್ಮ ಕೋಣೆಯ ಮೆಟ್ಟಿಲು ಹತ್ತಿ ಬಂದು ನನ್ನ ಪಕ್ಕ ಕೂತಳು. ನನ್ನ ಇಯರ್‌ಫೋನು ಕೆಟ್ಟಿತ್ತು. ಅವತ್ತು ಎಲ್ಲವನ್ನೂ ಸ್ಪೀಕರಿನಲ್ಲೇ ಕೇಳುತ್ತಿದ್ದೆ. ಖಾಲಿ ಕರೆಗಳನ್ನು ಚಕಚಕನೆ ತೆಗೆಯುವ ನನ್ನ ಚುರುಕು ಆಕೆ ನೋಡಲಿ ಎಂಬ ಜಂಬವೂ ಇತ್ತು ಅನ್ನಿ. ಒಂದು ಬಸ್ಸಿನದು, ಅಳಿಸಿದೆ. ಒಂದು ಹಲೋ, ಅಳಿಸಿದೆ. ಆಮೇಲೆ ಒಂದು ಕೋಳಿಯ ಸದ್ದು, ಉಸಿರು, “ಹೂಂ” ಎಂದು ಸಣ್ಣ ದನಿ, ಮೌನ. ಅಳಿಸಲು ಬೆರಳು ಎತ್ತಿದ್ದೆ.

“ತಡಿ!” ಅಕ್ಕ ನನ್ನ ಮಣಿಕಟ್ಟು ಹಿಡಿದಳು. “ಇನ್ನೊಮ್ಮಿ ಹಾಕು.”

“ಖಾಲಿ ಕರೆ ಅಕ್ಕ ಅದು. ದಿನಾ ಬರ್ತಾವ.”

“ಹಾಕು ಅಂದ್ನಿ.”

ಹಾಕಿದೆ. ಕೋಳಿ, ಉಸಿರು, ಹೂಂ. ಅದರ ನಂತರದ ಮೌನವನ್ನು ನಾನು ಎಂದೂ ಪೂರ್ತಿ ಕೇಳಿರಲಿಲ್ಲ. ಎರಡೂವರೆ ನಿಮಿಷ ಯಾರೋ ಆ ಕಡೆ ಉಸಿರಾಡುತ್ತ ಕಾಯುತ್ತಿದ್ದರು. ಕೊನೆಗೆ ಮತ್ತೊಮ್ಮೆ, ಸ್ವಲ್ಪ ಗಟ್ಟಿಯಾಗಿ, “ಹೂಂ.”

“ನಮ್ಮಕ್ಕ,” ಎಂದಳು.

“ಬರೇ ಹೂಂ ಕೇಳಿ ಹೆಂಗ ಹೇಳ್ತಿ?”

“ಆ ಹೂಂ ಕೇಳ್ಕೋಂತನ ನಾ ದಿನಾ ಮಲಗ್ತಿದ್ನಿ, ತಂಗಿ. ನಂಗ ಗೊತ್ತಾಗೂದಿಲ್ಲೇನ?”

ಯಾವ ಕತೆಗೆ ಈ ಉತ್ತರ ಎಂದು ಪರದೆಯಲ್ಲಿ ನೋಡಿದೆ. ಕೆಂಡದ ಕತೆಗೇ. ಆ ನಂಬರಿನಿಂದ ಎರಡು ತಿಂಗಳಿಂದ ಕರೆಗಳು ಬಂದಿದ್ದವು, ಹೆಚ್ಚು ಕಡಿಮೆ ದಿನಾ. ತಂಗಿ ಕತೆ ನಿಲ್ಲಿಸಿದ್ದಾಳೆ, ಹಾಗಾದರೆ ಹೂಂ ಅನ್ನಬೇಕು, ಅಂದರೆ ಮುಂದೆ ಹೇಳುತ್ತಾಳೆ ಎಂದು ಆಕೆ ಕಾಯುತ್ತಿದ್ದಳು. ತನ್ನ ಅಕ್ಕನೇ ಮುಂದಿನದು ಹೇಳಲಿ ಎಂದು ಈಕೆ ಕಾಯುತ್ತಿದ್ದಳು. ನಡುವೆ ನಾನು ಕೂತು, ಬಂದ ಹೂಂಗಳನ್ನೆಲ್ಲ ಕಸದ ಬುಟ್ಟಿಗೆ ಹಾಕುತ್ತಿದ್ದೆ. ಮಷೀನು ‘ನಮಸ್ಕಾರ’ ಅಂದರೂ ಹೂಂ ಅನ್ನುವವರು ನಮ್ಮ ಕಡೆ ಬೇಕಾದಷ್ಟು ಜನ, ಅಂಥದ್ದೇ ಒಂದು ಎಂದುಕೊಂಡಿದ್ದೆ. ಹೂಂ ಎಂದರೇನು ಎಂದು ಆಕೆಯಿಂದಲೇ ಕಲಿತ ಮೇಲೂ!

“ಎಷ್ಟು ಒಗದಿ?” ಎಂದು ಕೇಳಿದಳು. ಬೈಗುಳದ ದನಿಯಲ್ಲ.

“ಲೆಕ್ಕ ಇಟ್ಟಿಲ್ಲಕ್ಕ. ಬಾಳ.” ನನಗೆ ಅಳು ಬಂದುಬಿಟ್ಟಿತು.

ಅಕ್ಕ ತೋಳೆತ್ತಿ ಭುಜದಿಂದ ತನ್ನ ಕಣ್ಣು ಒರೆಸಿಕೊಂಡಳು. ಆಮೇಲೆ ಸೆರಗಿನಿಂದ ನನ್ನದನ್ನು ಒರೆಸಲು ಬಂದಳು. ಖಾರ ಹತ್ತಿದ ಸೆರಗು. ನಾನು ಹಿಂದಕ್ಕೆ ಸರಿದೆ. ಇಬ್ಬರೂ ನಕ್ಕೆವು. “ಬಿಡು. ದಿನಾ ಅಂದಾಳಲ್ಲ, ಅಷ್ಟ ಸಾಕು,” ಎಂದಳು. ಅಲ್ಲಿಯೇ, ನನ್ನ ಮೇಜಿನ ಮೇಲೆಯೇ ಫೋನಿಟ್ಟು, ಒಂದು ಒತ್ತಿಸಿಕೊಂಡು ಮಾತಾಡಿದಳು. ಹೂಂ ಅನ್ನುವವರಿಗಾಗಿ ಕಾಯದೆ ಆಕೆ ಮಾತಾಡಿದ್ದು ಅದೊಂದೇ ಸಲ.

“ಅಕ್ಕಾ, ನೀ ಹೂಂ ಅಂದದ್ದು ನಂಗ ಈಗ ಮುಟ್ಟೇತಿ. ಮುಂದ ಹೇಳಂದ್ರ ನಂಗ ಬರೂದಿಲ್ಲ. ನಾ ಅಲ್ಲೇ ಮಲಗಿಬಿಡ್ತಿದ್ನಿ, ನಿಂಗದು ಗೊತ್ತಿಲ್ಲ. ಕಡೀದು ನಿನ್ನ ಹಂತೇಕನ ಐತಿ. ನೀ ಹೇಳು. ನಾ ಹೂಂ ಅಂತೇನಿ.”

ಎರಡು ದಿನ ಏನೂ ಬರಲಿಲ್ಲ. ಮೂರನೆಯ ದಿನ ಒಂದರ ಹಿಂದೊಂದು ಎರಡು ಕರೆ ಬಂದವು. ದೊಡ್ಡಾಕೆ ಬಾಲದಿಂದ ಶುರು ಮಾಡುವವಳಲ್ಲ. ಒಲೆ ಆರಿದಲ್ಲಿಂದಲೇ ಹೊರಟಿದ್ದಳು. ಒಂದೊಂದು ಮಾತಿಗೂ ನಿಂತು, ಆ ಕಡೆಯ ಹೂಂ ಕೇಳಿಸಿತೇನೋ ಎಂಬಷ್ಟು ಹೊತ್ತು ಬಿಟ್ಟು, ಮುಂದೆ ಹೋಗುತ್ತಿದ್ದಳು. ಸಂಜೆ ಅಕ್ಕ ಕೆಲಸದಿಂದ ಬಂದ ಮೇಲೆ ನಾನು ಫೋನು ಮಾಡಿ ಸ್ಪೀಕರಿನ ಮುಂದೆ ಹಿಡಿದೆ. ಆಕೆ ಮೊದಲನೆಯ ಕರೆಗೆ ಒಂದೂ ತಪ್ಪಿಸದೆ ಹೂಂ ಅಂದಳು. ಎರಡನೆಯದರಲ್ಲಿ ಹೂಂ ನಿಧಾನವಾಯಿತು. ಬಾಣಂತಿಗೊಂದು, ಕುರುಬನಿಗೊಂದು. ಬಾಗಿಲ ಹತ್ತಿರ ಬರುವಷ್ಟರಲ್ಲಿ ಹೂಂ ನಿಂತಿತು.

“ಬೂದಿ ಸರಿಸಿದ್ಲು,” ಎಂದಳು ದೊಡ್ಡಾಕೆ. ಈ ಕಡೆಯಿಂದ ಸದ್ದಿಲ್ಲ. “ಕೆಂಡ ಆರಿತ್ತು.” ಸದ್ದಿಲ್ಲ. “ಅತ್ತಿ ಬಾಗಲಾ ಹಾಕಾಕ ಹೋದ್ಲು. ಅಷ್ಟರಾಗ ಹಾದ್ಯಾಗ ಆರು ಬೆಳಕು ಕಂಡ್ವು. ಆಕಿ ಕೆಂಡ ಕೊಟ್ಟ ಆರೂ ಮಂದಿ, ಒಬ್ಬೊಬ್ಬರು ಒಂದೊಂದು ಬೋಕಿ ಕೆಂಡ ಹಿಡಕೊಂಡು, ನಿನ್ನ ಕೆಂಡ ನಿನಗ ಅಂತ ಬರಾಕತ್ತಿದ್ರು.”

ಲೈನು ಕಟ್ಟಾಯಿತೇನೋ ಎಂದು ಕಿವಿಗೆ ಹಿಡಿದೆ. ಕಟ್ಟಾಗಿರಲಿಲ್ಲ. ಅಕ್ಕ ಸಣ್ಣಗೆ ಗೊರಕೆ ಹೊಡೆಯುತ್ತಿದ್ದಳು.

ಮರುದಿನ ಬೆಳಿಗ್ಗೆ ಬಹಳ ನಾಚಿಕೊಂಡು ಫೋನು ಮಾಡಿದಳು. “ಆಕಿ ದನಿ ಕೇಳಿ ಎಷ್ಟು ವರ್ಷ ಆಗಿತ್ತು. ನಿದ್ದಿ ಹತ್ತಿಬಿಡ್ತು ನೋಡು.” ಕೊನೆಯದನ್ನು ನಾನು ಹೇಳಲೇ ಎಂದರೆ ಬೇಡ ಅಂದಳು. ಎರಡು ಒತ್ತಿ ಕೇಳು ಎಂದರೂ ಕೇಳಲಿಲ್ಲ. “ಆಕಿ ಬಾಯಿಂದನ ಕೇಳ್ತೇನಿ,” ಎಂದು ಮುಂದಿನ ವಾರ ರಾಣೆಬೆನ್ನೂರಿಗೆ ಬಂದು ಕುಪ್ಪೇಲೂರಿನ ಬಸ್ಸು ಹತ್ತಿದಳು. ಹತ್ತಿಸಿದವಳು ನಾನೇ. ಕಿಟಕಿಯ ಹತ್ತಿರ ಕೂತು ಸೆರಗನ್ನು ಮೂಗಿಗೆ ಕಟ್ಟಿಕೊಂಡಿದ್ದಳು, ಅಭ್ಯಾಸ ಬಲ.

ಆಮೇಲೆ ನಮ್ಮ ಮಾತು ಕಡಿಮೆಯಾಯಿತು. ಆಕೆಗೆ ನಾನು ಬೇಕಾಗಿರಲಿಲ್ಲ, ನನಗೆ ಅದರಿಂದ ಸಂತೋಷವೇ ಇತ್ತು. ಎರಡು ವರ್ಷ ಕಳೆದವು. ಕೆಮ್ಮು ಹೆಚ್ಚಾಗಿ ಹಾವೇರಿಯ ಆಸ್ಪತ್ರೆಯಲ್ಲಿದ್ದಾಳೆ ಎಂದು ಕೇಳಿದ ವಾರದಲ್ಲೇ ಹೋದ ಸುದ್ದಿ ಬಂತು. ಸುದ್ದಿ ಬಂದದ್ದೂ ಕುಂಯ್ ಫೋನಿನಲ್ಲೇ. ಗೋದಾಮಿನ ಹೆಂಗಸರು ಒಟ್ಟಿಗೆ ಕೂತು ಹೇಳಿದ್ದರು. ಕೊನೆಯಲ್ಲಿ ಯಾರೋ ಸೀನಿದ್ದು ಕೇಳಿಸುತ್ತದೆ. ಅದನ್ನು ನಾನು ಕತ್ತರಿಸಲಿಲ್ಲ.

ಮಣ್ಣು ಮುಗಿಸಿ ಮನೆಗೆ ಬಂದಾಗ ಕಟ್ಟೆಯ ಮೇಲೆ ಒಬ್ಬ ಮುದುಕಿ ಗೋಡೆಗೆ ಒರಗಿ ಕೂತಿದ್ದಳು. ನಾನು “ನೀರು ಕುಡೀರಿ,” ಎಂದು ತಂಬಿಗೆ ಕೊಟ್ಟೆ. ದನಿ ಕೇಳಿ ತಲೆ ಎತ್ತಿದಳು.

“ಫೋನಿನ ತಂಗಿ ಅಲ್ಲೇನು ನೀ?”

ಪಕ್ಕದಲ್ಲಿ ಕೂತೆ. ಸುದ್ದಿ ಮುಟ್ಟಿದ ದಿನವೇ ಹಾವೇರಿಗೆ ಬಂದು ಎಂಟು ದಿನ ತಂಗಿಯ ಹಾಸಿಗೆಯ ಹತ್ತಿರವೇ ಇದ್ದಳಂತೆ. ಈ ಸಲ ತಡವಾಗಲಿಲ್ಲ ಎಂದು ತಾನೇ ಹೇಳಿಕೊಂಡಳು. ಆಮೇಲೆ, “ಆಕಿ ಆ ಕಥಿ ಕಡೀತನಕ ಕೇಳಲೇ ಇಲ್ಲ ನೋಡವಾ,” ಎಂದಳು.

“ಕುಪ್ಪೇಲೂರಿಗೆ ಬಂದಾಗ ಹೇಳಿರಲಿಲ್ಲೇನ್ರಿ?”

“ಬಂದಾಗೊಮ್ಮಿ ಹೇಳೇನಿ. ಅರ್ಧಕ್ಕ ಮಲಗಾಕಿ. ಖರೇನ ನಿದ್ದಿ ಬರ್ತಿತ್ತೋ, ಮತ್ತ ಬರಾಕ ಒಂದು ನೆವ ಇರ್ಲಿ ಅಂತಿದ್ಲೋ, ನಂಗೇನು ಗೊತ್ತು. ನಿನ್ನಿ ದವಾಖಾನ್ಯಾಗೂ ಹೇಳಾಕತ್ತಿದ್ನಿ. ಬಾಗಲತನಕ ಹೂಂ ಅಂದ್ಲು.”

ಒಳಗೆ ಯಾರೋ ಅಳುತ್ತಿದ್ದರು, ಯಾರೋ ಸಮಾಧಾನ ಮಾಡುತ್ತಿದ್ದರು. ಮುದುಕಿ ತಂಬಿಗೆಯನ್ನು ಕೆಳಗಿಟ್ಟು ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಳು.

“ಬೂದಿ ಸರಿಸಿದ್ಲು,” ಎಂದಳು. ಎಂದು, ನಿಂತಳು.

ನನಗೆ ತಿಳಿಯಲು ಅವತ್ತೂ ತಡವಾಯಿತು.

“ಹೂಂ,” ಅಂದೆ.

ಆಕೆ ಮುಂದೆ ಹೇಳತೊಡಗಿದಳು.